ಬಸಳೆ ಬಳ್ಳಿಗೆ ಬಂದ ಕೊಂಡಿಗಳು

ನಮ್ಮ ಬಳಗದ ಜಾಲತಾಣದ ವಿಳಾಸಕ್ಕೆ ವಾರಕ್ಕೆ ಎರಡಾದರೂ ಬರುವ ಒಂದು ಜಾತಿಯ ಮಿಂಚಂಚೆ ಇದೆ. ನಿಮ್ಮ ತಾಣ ತುಂಬ ಚೆನ್ನಾಗಿದೆ, ಆದರೆ ಹುಡುಕುವವರ ಕಣ್ಣಿಗೆ ಬೀಳುತ್ತಿಲ್ಲ, ಇಂತಿಷ್ಟು ಯೂರೋ ಕೊಟ್ಟರೆ ಐನೂರು ತಾಣಗಳಿಂದ ನಿಮಗೆ ಕೊಂಡಿ ಹಾಕಿಸಿಕೊಡುತ್ತೇವೆ ಎಂಬುದು ಅದರ ಸಾರಾಂಶ. ಬರೆದವರಿಗೆ ಕನ್ನಡದ ಒಂದಕ್ಷರವೂ ಬಾರದೆಂಬುದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ಓದದೆ ಹೊಗಳುವುದು ಸಾಹಿತ್ಯಲೋಕಕ್ಕೆ ಹೊಸದೇನಲ್ಲ ಬಿಡಿ! ಆದರೂ ಕಳೆದ ಸಭೆಯಲ್ಲಿ ಈ ಮಾತು ಚರ್ಚೆಗೆ ಬಂದಿತು. ಯುಗಾದಿಯ ಖರ್ಚು ಕಳೆದು ಉಳಿದ ಹಣದಲ್ಲಿ ಒಂದಿಷ್ಟನ್ನು ಇದಕ್ಕೆ ಹಾಕಿದರೆ ಏನಾಯಿತು, ಓದುವವರೇ ಇಲ್ಲದಿದ್ದರೆ ಬರೆಯುವುದು ಯಾರಿಗಾಗಿ ಎಂಬ ವಾದ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಹಣ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವ ಮೊದಲು, ಪರರು ತಾವಾಗಿಯೇ ಒಂದು ಬರಹದ ಕಡೆಗೆ ಬೆರಳು ತೋರಿಸುವುದು ಯಾವಾಗ ಎಂಬುದರ ಚರಿತ್ರೆಯನ್ನು ಸ್ವಲ್ಪ ನೋಡೋಣ ಎನಿಸಿತು. ಆ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಾವಿರುವ ಈ ತಗ್ಗುನಾಡಿನಲ್ಲೇ. ಅದರ ಬೇರು ಮಾತ್ರ ನಮ್ಮ ಪಡುವಣ ಕರಾವಳಿಯದು.

ಮೊದಲು ಪರಿಭಾಷೆ. ಬೇರೆಯವರ ತಾಣದಿಂದ ನಮ್ಮ ತಾಣಕ್ಕೆ ಬರುವ ಕೊಂಡಿಗೆ ನಮ್ಮ ಕಸುಬಿನವರು ಬ್ಯಾಕ್‌ಲಿಂಕ್ ಎನ್ನುತ್ತಾರೆ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್, ಈ ಕೊಂಡಿಗಳನ್ನೇ ತೂಕದ ಕಲ್ಲಾಗಿ ಬಳಸುವ ಪೇಜ್‌ರ‍್ಯಾಂಕ್ ಎಂಬ ಲೆಕ್ಕವನ್ನು ಮುಂದಿಟ್ಟರು. ಗೂಗಲ್ ಹುಟ್ಟಿದ್ದು ಅದರಿಂದ. ಲೆಕ್ಕ ಊರ ಕಡೆಯದೇ. ಒಳ್ಳೆಯ ವೈದ್ಯರು ಯಾರು ಎಂದು ವಿಚಾರಿಸಿದಾಗ ನಾಲ್ಕು ಜನ ಹೇಳಿದ ಹೆಸರನ್ನು ಹಿಡಿಯುತ್ತೇವೆ. ಆ ನಾಲ್ವರಲ್ಲಿ ಒಬ್ಬರು ಊರೆಲ್ಲ ನಂಬುವ ಹಿರಿಯರಾದರೆ ಅವರ ಮಾತಿಗೆ ತೂಕ ಜಾಸ್ತಿ. ಕೇಳಿದವರಿಗೆಲ್ಲ ಇಪ್ಪತ್ತು ಹೆಸರು ಹೇಳುವವರ ಮಾತಿಗೆ ತೂಕ ಕಮ್ಮಿ. ಇಷ್ಟನ್ನೇ ಗಣಿತಕ್ಕೆ ಇಳಿಸಿದರು.

ಆದರೆ ಇದು ಅವರಿಬ್ಬರ ತಲೆಯಲ್ಲಿ ತಾನಾಗಿ ಮೊಳೆತದ್ದಲ್ಲ. ಯಾವ ವಿಜ್ಞಾನ ಪ್ರಬಂಧವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬ ಸೂಚಿಯನ್ನು ಯೂಜೀನ್ ಗಾರ್‌ಫೀಲ್ಡ್ 1964ರಲ್ಲೇ ಅಚ್ಚು ಹಾಕಿಸಿದ್ದರು. ಅವರಿಗೆ ಮಾದರಿ ಅಮೆರಿಕದ ವಕೀಲರು 1873ರಿಂದ ಬಳಸುತ್ತಿದ್ದ, ಯಾವ ತೀರ್ಪನ್ನು ಮುಂದಿನ ಯಾವ ತೀರ್ಪು ಎತ್ತಿಕೊಂಡಿದೆ ಎಂದು ತಿಳಿಸುವ ಪಟ್ಟಿ. ಅಂದರೆ ಕೊಂಡಿ ಎಂಬುದು ಮೂಲತಃ ಅಡಿಟಿಪ್ಪಣಿಯ ಮಗು. ಅಡಿಟಿಪ್ಪಣಿ ಎಂದ ಮೇಲೆ ನಾವು 17ನೇ ಶತಮಾನದ ಆಮ್‌ಸ್ಟರ್‌ಡ್ಯಾಮಿಗೆ ಹೋಗಲೇಬೇಕು.

ಆ ಕಾಲದ ಆಮ್‌ಸ್ಟರ್‌ಡ್ಯಾಮ್ ಪುಸ್ತಕಗಳ ಪೇಟೆ. ಆರೇ ವರ್ಷಗಳ ಅಂತರದಲ್ಲಿ ಮಲಬಾರಿನ ಬಗ್ಗೆ ಎರಡು ಭಾರೀ ಪುಸ್ತಕಗಳು ಅಲ್ಲಿಂದ ಹೊರಟವು. 1672ರದು ಪಾದ್ರಿ ಫಿಲಿಪ್ಪಸ್ ಬಾಲ್ಡೇಯಸ್‌ನ ಮಲಬಾರ್, ಕೋರಮಂಡಲ ಮತ್ತು ಸಿಲೋನಿನ ವರ್ಣನೆ. ದಪ್ಪ ಸಂಪುಟ, ಒಳ್ಳೆಯ ಚಿತ್ರಗಳು. ಜರ್ಮನ್, ಇಂಗ್ಲಿಷ್ ಭಾಷೆಗಳಿಗೂ ಹೋಯಿತು. ಹಿಂದೂ ದೇವತೆಗಳ ಬಗ್ಗೆ ಅದರಲ್ಲಿರುವ ಭಾಗವನ್ನು ಯುರೋಪಿನವರು ಬಹಳ ಕಾಲ ಓದಿದರು. ಆಮೇಲೆ 1933ರಲ್ಲಿ ಸ್ವೀಡನ್ನಿನ ವಿದ್ವಾಂಸ ಯಾರ್ಲ್ ಶಾರ್ಪಾಂತಿಯೇ, ಕಲ್ಲಿಕೋಟೆಯ ಕಡೆ ಇದ್ದ ಜೆಸ್ಯುಯಿಟ್ ಪಾದ್ರಿ ಯಾಕೊಬೊ ಫೆನಿಚಿಯೊ 17ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸಿನಲ್ಲಿ ಬರೆದಿದ್ದ ಹಸ್ತಪ್ರತಿಯನ್ನು ಸಂಪಾದಿಸಿ ಪ್ರಕಟಿಸಿದರು. ಬಾಲ್ಡೇಯಸ್‌ನ ಸರಕು ಎಲ್ಲಿಯದು ಎಂಬುದು ಆಗ ಬಯಲಾಯಿತು. ಹೆಸರು ಹೇಳದೆ ಎತ್ತಿಕೊಂಡಿದ್ದ! ಸಿಲೋನಿನ ಬಗ್ಗೆ ಅವನು ಕಣ್ಣಾರೆ ಕಂಡು ಬರೆದದ್ದಕ್ಕೆ ಇಂದಿಗೂ ಬೆಲೆ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಆದರೆ ಮಲಬಾರಿನ ದೇವತೆಗಳ ಮಾತು ಬಂದಾಗ ಈಗ ವಿದ್ವಾಂಸರ ಬೆರಳು ಮೂಲದ ಕಡೆಗೇ ಹೋಗುತ್ತದೆ. ಒಬ್ಬರ ಲೇಖನವನ್ನು ಇನ್ನೊಬ್ಬರು ಹೆಸರು ಕಿತ್ತು ಅಂಟಿಸುವ ನಮ್ಮ ಕನ್ನಡ ಅಂತರ್ಜಾಲದ ಹಳೆಯ ಚಟಕ್ಕೆ ಇಷ್ಟು ದೊಡ್ಡ ಮನೆತನದ ಪೂರ್ವಜರಿದ್ದಾರೆ ಎಂದಾಯಿತು.

ಎರಡನೆಯದು ನಮ್ಮ ಕಥೆಯ ನಾಯಕ. ಹೆಸರು ‘ಹೋರ್ಟುಸ್ ಮಲಬಾರಿಕುಸ್’, ಅಂದರೆ ಮಲಬಾರಿನ ತೋಟ. 1678ರಿಂದ 1693ರವರೆಗೆ ಹನ್ನೆರಡು ಸಂಪುಟ, 740ಕ್ಕೂ ಹೆಚ್ಚು ಗಿಡಮರಗಳು, ಸುಮಾರು 790 ತಾಮ್ರಪಟದ ಚಿತ್ರಗಳು. ಮಾಡಿಸಿದವನು 1670ರ ದಶಕದಲ್ಲಿ ಕೊಚ್ಚಿಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಮಾಂಡರ್ ಆಗಿದ್ದ ಹೆಂಡ್ರಿಕ್ ವಾನ್ ರೀಡ್. ಅವನ ಉದ್ದೇಶ ಶುದ್ಧ ಸರಸ್ವತೀ ಸೇವೆಯಾಗಿತ್ತು ಎಂದು ಭಾವಿಸಬೇಕಾಗಿಲ್ಲ. ಕಂಪನಿಯ ಆಳುಗಳಿಗೆ ಬೇಕಾದ ಮದ್ದು ಹಾಲೆಂಡಿನಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತ ಬರುತ್ತಿತ್ತು. ಅದರಲ್ಲಿ ಕೆಲವು ಮೂಲತಃ ಪೂರ್ವದೇಶದಿಂದಲೇ ಹೋದ ಸಾಮಾನು! ಹಿತ್ತಲ ಗಿಡವೇ ಮದ್ದಾಗುತ್ತದೆ ಎಂದು ತೋರಿಸಿದರೆ ದುಡ್ಡು ಉಳಿಯುತ್ತದೆ, ಕೊಲಂಬೊದ ಎದುರು ಕೊಚ್ಚಿಯ ಬೆಲೆಯೂ ಏರುತ್ತದೆ ಎಂಬ ಲೆಕ್ಕ ಅವನಿಗಿತ್ತು. ಒಳ್ಳೆಯ ಬರಹಕ್ಕೆ ಸ್ವಾರ್ಥವಿರಬಾರದು ಎಂದೇನೂ ಇಲ್ಲ. ಮಾಡಿದ ಕೆಲಸ ಗಟ್ಟಿಯಾಗಿರಬೇಕು, ಅಷ್ಟೆ.

ಈ ಕೆಲಸ ಹೇಗೆ ಗಟ್ಟಿಯಾಗಿತ್ತು ನೋಡಿ. ಕಾಡಿನಿಂದ ಗಿಡ ತರಲು ಆಳುಗಳು, ಚಿತ್ರ ಬರೆಯಲು ಮೂರು ನಾಲ್ಕು ಕಲಾವಿದರು. ಗಿಡದ ಹೆಸರು, ಗುಣ, ಉಪಯೋಗ ಹೇಳುವವನು ಚೇರ್ತಲದ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುತನ್. ಅವನು ಮಲಯಾಳದಲ್ಲಿ ಹೇಳಿದ್ದನ್ನು ದುಭಾಷಿ ಇಮ್ಯಾನುಯೆಲ್ ಕಾರ್ನೇರೊ ಪೋರ್ಚುಗೀಸಿಗೆ ತಂದ. ಅಲ್ಲಿಂದ ಲ್ಯಾಟಿನ್ ಮಾಡಿದವನು ಕೊಚ್ಚಿಯ ಪಾದ್ರಿ ಯೊಹಾನ್ನೆಸ್ ಕಸೇರಿಯಸ್. (ಈ ಕಸೇರಿಯಸ್ ಲೈಡನ್ ಪಕ್ಕದ ರೈನ್ಸ್‌ಬರ್ಗಿನಲ್ಲಿ ತತ್ವಜ್ಞಾನಿ ಸ್ಪಿನೋಜಾನ ಜೊತೆ ಒಂದೇ ಮನೆಯಲ್ಲಿದ್ದು ಪಾಠ ಹೇಳಿಸಿಕೊಂಡ ಹುಡುಗ. ಶಿಷ್ಯ ಇನ್ನೂ ಬಲಿತಿಲ್ಲವೆಂದು ಗುರುಗಳು ಪತ್ರದಲ್ಲಿ ಗೊಣಗಿದ್ದೂ ಉಂಟು. ಇಬ್ಬರೂ ತೀರಿಕೊಂಡದ್ದು 1677ರಲ್ಲೇ, ಒಬ್ಬರು ಹೇಗ್‌ನಲ್ಲಿ, ಇನ್ನೊಬ್ಬರು ಬಟಾವಿಯಾದಲ್ಲಿ.) ಇದಕ್ಕೆ ಸಮಾನಾಂತರವಾಗಿ ಮೂವರು ಕೊಂಕಣಿ ವೈದ್ಯರು, ರಂಗ ಭಟ್, ವಿನಾಯಕ ಪಂಡಿತ್ ಮತ್ತು ಅಪ್ಪು ಭಟ್, ತಮ್ಮ ವೈದ್ಯ ನಿಘಂಟನ್ನು ಮುಂದಿಟ್ಟುಕೊಂಡು ಪ್ರತಿಯೊಂದನ್ನೂ ಪರಿಶೀಲಿಸಿದರು. ಹೆಸರು ಕೇಳಿದರೆ ಮಂಗಳೂರಿನ ರಥಬೀದಿಯವರೋ ಕುಮಟಾದವರೋ ಎನ್ನಿಸುತ್ತದೆ ಅಲ್ಲವೆ?

ಕೊನೆಗೆ ವಾನ್ ರೀಡ್ ಮಾಡಿದ ಒಂದು ಕೆಲಸ ನಮ್ಮ ಮಟ್ಟಿಗೆ ಇಡೀ ಪುಸ್ತಕದ ಪ್ರಾಣ. 1675ರ ಏಪ್ರಿಲ್‌ನಲ್ಲಿ ಇವರೆಲ್ಲ ಬರೆದುಕೊಟ್ಟ ಪ್ರಮಾಣಪತ್ರಗಳನ್ನು ಮೊದಲ ಸಂಪುಟದಲ್ಲೇ, ಅವರವರ ಲಿಪಿಯಲ್ಲೇ ಕೊರೆಸಿ ಅಚ್ಚು ಹಾಕಿಸಿದ. ಅಚ್ಯುತನದು ಕೋಲೆಳುತ್ತು ಲಿಪಿಯಲ್ಲಿ, ಕೊಂಕಣಿ ವೈದ್ಯರದು ನಾಗರಿಯಲ್ಲಿ. ಬಹುಪಾಲು ಚಿತ್ರಗಳ ಮೇಲೂ ಗಿಡದ ಹೆಸರು ಲ್ಯಾಟಿನ್, ಮಲಯಾಳಂ, ಅರಬ್ಬಿ, ನಾಗರಿ ಲಿಪಿಗಳಲ್ಲಿದೆ. ಆಮ್‌ಸ್ಟರ್‌ಡ್ಯಾಮಿನ ಕೊರೆತಗಾರರಿಗೆ ಆ ಅಕ್ಷರಗಳು ಬರೀ ಗೀಟುಗಳು. ಆದರೂ ಶ್ರದ್ಧೆಯಿಂದ ಕೊರೆದರು.

ಮುಂದೆ ಅರವತ್ತು ವರ್ಷ ದಾಟೋಣ. 1735ರಲ್ಲಿ ಸ್ವೀಡನ್ನಿನಿಂದ ಒಬ್ಬ ಬಡ ತರುಣ ಇಲ್ಲಿಗೆ ಬಂದ. ಹಾರ್ಡರ್‌ವೈಕ್‌ನಲ್ಲಿ ಕೆಲವೇ ದಿನಗಳಲ್ಲಿ ವೈದ್ಯ ಪದವಿ ಪಡೆದ (ಆ ಊರಿನ ವಿಶ್ವವಿದ್ಯಾಲಯಕ್ಕೆ ಆ ವಿಷಯದಲ್ಲಿ ಹೆಸರಿತ್ತು!), ಲೈಡನ್ನಿನಲ್ಲಿ ‘ಸಿಸ್ಟೆಮಾ ನಾಟುರೆ’ ಎಂಬ ತೆಳ್ಳಗಿನ ದೊಡ್ಡ ಹಾಳೆಯ ಪುಸ್ತಕ ಅಚ್ಚು ಹಾಕಿಸಿದ. ಅವನೇ ಕಾರ್ಲ್ ಲಿನ್ನೇಯಸ್. ಆಮ್‌ಸ್ಟರ್‌ಡ್ಯಾಮಿನಲ್ಲಿ ಸಸ್ಯಶಾಸ್ತ್ರಜ್ಞ ಯೊಹಾನ್ನೆಸ್ ಬುರ್ಮನ್‌ನ ಮನೆಯಲ್ಲಿದ್ದಾಗ, ಕಂಪನಿಯ ನಿರ್ದೇಶಕನೂ ಭಾರೀ ಶ್ರೀಮಂತನೂ ಆದ ಜಾರ್ಜ್ ಕ್ಲಿಫರ್ಡ್ ಅವನನ್ನು ಹೀಮ್‌ಸ್ಟೇಡ ಬಳಿಯ ಹಾರ್ಟೆಕಾಂಪ್ ತೋಟಕ್ಕೆ ಒಯ್ಯಲು ಬಯಸಿದ. ಬುರ್ಮನ್ ಒಪ್ಪಬೇಕಲ್ಲ? ಕ್ಲಿಫರ್ಡ್‌ನ ಹತ್ತಿರ ಜಮೈಕಾದ ಸಸ್ಯಗಳ ಒಂದು ಪುಸ್ತಕದ ಎರಡನೇ ಪ್ರತಿ ಇತ್ತು. ಪುಸ್ತಕ ಇಟ್ಟುಕೊಂಡು ಹುಡುಗನನ್ನು ಬಿಟ್ಟುಕೊಟ್ಟರು ಎಂಬುದು ಪ್ರಸಿದ್ಧ ಕಥೆ. ಕೊಂಡಿ ವಿನಿಮಯದ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಲಿನ್ನೇಯಸ್ ಭಾರತವನ್ನು ಕಾಣಲೇ ಇಲ್ಲ. ಭೂಮಿಯ ಮೇಲಿನ ಗಿಡಗಳಿಗೆಲ್ಲ ಹೆಸರಿಡಲು ಹೊರಟವನು ಕಾಣದ ಗಿಡಗಳಿಗೆ ಯಾರನ್ನು ನಂಬಬೇಕು? ‘ಜೆನೆರಾ ಪ್ಲಾಂಟಾರುಮ್’ ಗ್ರಂಥದಲ್ಲಿ ಅವನು ಭರವಸೆಯಿಂದ ಹೆಸರಿಸುವವರು ಬೆರಳೆಣಿಕೆಯ ಮಂದಿ. ಅವರಲ್ಲಿ ವಾನ್ ರೀಡ್ ಒಬ್ಬ. 1753ರ ‘ಸ್ಪೀಶೀಸ್ ಪ್ಲಾಂಟಾರುಮ್’ ತೆರೆದರೆ ‘ರೀಡ್. ಮಲ್.’ ಎಂಬ ಚುಟುಕು ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಪಕ್ಕದಲ್ಲಿ ಸಂಪುಟ, ಪುಟ, ಚಿತ್ರದ ಸಂಖ್ಯೆ. ತಂತ್ರಾಂಶದವರ ಕಣ್ಣಿಗೆ ಇದು ಸಾಕ್ಷಾತ್ ಕೊಂಡಿ. ಕೆಲವು ಸಸ್ಯಗಳಿಗಂತೂ ಅವನ ಆಧಾರ ಈ ಪುಸ್ತಕದ ಚಿತ್ರ ಮಾತ್ರ.

ಆ ಕೊಂಡಿಗಳಲ್ಲಿ ಒಂದು ನಮಗೆ ಬಹಳ ಪ್ರಿಯ. ಏಳನೇ ಸಂಪುಟ, 45ನೇ ಪುಟ, 24ನೇ ಚಿತ್ರ. ಮಲಯಾಳದ ಹೆಸರನ್ನು ವಾನ್ ರೀಡ್‌ನ ಮಂದಿ ಕಿವಿಗೆ ಬಿದ್ದಂತೆ ‘ಬಸೆಲ್ಲ’ ಎಂದು ಬರೆದುಕೊಂಡಿದ್ದಾರೆ. ಲಿನ್ನೇಯಸ್ ಆ ಹೆಸರನ್ನೇ ಎತ್ತಿಕೊಂಡು ಆ ಸಸ್ಯಕುಲಕ್ಕೆ ಇಟ್ಟ. ಹೌದು, ನಮ್ಮ ಬಸಳೆಯೇ! ದಕ್ಷಿಣ ಕನ್ನಡದ ಚಪ್ಪರದ ಮೇಲೆ ಹಬ್ಬುವ, ಮೀನಿನ ಜೊತೆಗೂ ಹಲಸಿನ ಬೀಜದ ಜೊತೆಗೂ ಹೊಂದುವ ಬಸಳೆ. ಇಲ್ಲಿಯ ಗ್ರೀನ್‌ಹೌಸಿನಲ್ಲಿ ಬೆಳೆದರೂ ಟೋಕಿಯೋದಲ್ಲಿ ಬೆಳೆದರೂ ಅದರ ಅಧಿಕೃತ ಹೆಸರು ಬಸೆಲ್ಲ ಆಲ್ಬ. ಕಾಸರಗೋಡಿನ ಹೆಸರಿಗೆ ಮೂಲ ಎಂದು ಜನ ಹೇಳುವ ಕಾಸರಕನ ಮರವೂ ಮೊದಲ ಸಂಪುಟದಲ್ಲಿದೆ, ‘ಕನಿರಂ’ ಎಂಬ ಹೆಸರಿನಲ್ಲಿ. ಅದಕ್ಕೂ ಲಿನ್ನೇಯಸ್‌ನ ಕೊಂಡಿ ಉಂಟು.

ವಾನ್ ರೀಡ್ ಈ ಕೊಂಡಿಗಳನ್ನು ಬೇಡಲಿಲ್ಲ, ಬೇಡುವಂತೆಯೂ ಇರಲಿಲ್ಲ. ಅವನು 1691ರಲ್ಲೇ ಸೂರತ್ತಿಗೆ ಹೋಗುವ ಹಡಗಿನಲ್ಲಿ ಸತ್ತಿದ್ದ. ಮುಂದಿನವರು ತಮ್ಮ ಕೆಲಸ ನಡೆಯಬೇಕಾದರೆ ಅವನ ಬಳಿಗೆ ಬರಲೇಬೇಕಿತ್ತು, ಬಂದರು. ಬರಲು ದಾರಿಯೂ ಸಲೀಸಾಗಿತ್ತು. ಗಿಡಕ್ಕೊಂದು ಹೆಸರು, ಚಿತ್ರಕ್ಕೊಂದು ಸಂಖ್ಯೆ. ದಾರಿಯನ್ನು ಇನ್ನಷ್ಟು ಸಲೀಸು ಮಾಡಲು ಕಾಸ್ಪರ್ ಕೊಮೆಲಿನ್ 1696ರಲ್ಲಿ ಇಡೀ ಪುಸ್ತಕಕ್ಕೆ ಒಂದು ಸೂಚಿ ಮಾಡಿದ; ಆ ಬುರ್ಮನ್ 1769ರಲ್ಲಿ ಇನ್ನೊಂದು ಮಾಡಿದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಹಳೆಯ ವಿಳಾಸಗಳನ್ನು ಹೊಸ ವಿಳಾಸಗಳಿಗೆ ಜೋಡಿಸುವ ಕೆಲಸ. ಮೈಸೂರು, ಕೆನರಾ, ಮಲಬಾರುಗಳನ್ನು 1800–01ರಲ್ಲಿ ಸುತ್ತಿದ ನಮಗೆಲ್ಲ ಪರಿಚಿತ ಫ್ರಾನ್ಸಿಸ್ ಬುಕಾನನ್ ಕೂಡ ಮುಂದೆ ಇದೇ ಪುಸ್ತಕಕ್ಕೆ ವ್ಯಾಖ್ಯಾನ ಬರೆಯಲು ಕುಳಿತ.

ಇಲ್ಲೊಂದು ಕಹಿಯೂ ಇದೆ. ಕೊಂಡಿ ಬಂದದ್ದು ‘ರೀಡ್’ ಎಂಬ ಹೆಸರಿಗೆ. ಗಿಡ ಬಲ್ಲವರಿಗೆ ಬರಲಿಲ್ಲ. ರೀಡಿಯ ಎಂಬ ಸಸ್ಯಕುಲ ಹುಟ್ಟಿತು, ಕಸೇರಿಯಸ್‌ನ ಹೆಸರಿನಲ್ಲಿ ಕಸೇರಿಯ ಹುಟ್ಟಿತು. 19ನೇ ಶತಮಾನದಲ್ಲಿ ಲೈಡನ್ನಿನ ಬ್ಲೂಮ್ ಒಂದು ಕುಲಕ್ಕೆ ಅಚುಡೆಮಿಯ ಎಂದು ಹೆಸರಿಟ್ಟು ಅಚ್ಯುತನ ಸಾಲವನ್ನು ಒಂದಿಷ್ಟು ತೀರಿಸಿದ. ಆದರೆ ಪ್ರಮಾಣಪತ್ರಗಳು ಪುಸ್ತಕದೊಳಗೇ ಇದ್ದವಲ್ಲ, ಅವು ಕಾಯುತ್ತಿದ್ದವು. ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲ್ ದಶಕಗಳ ಕಾಲ ಈ ಒಂದೇ ಪುಸ್ತಕದ ಹಿಂದೆ ಬಿದ್ದು, ಅದರ ಗಿಡಗಳನ್ನು ಮತ್ತೆ ಅದೇ ನೆಲದಲ್ಲಿ ಹುಡುಕಿ, 2003ರಲ್ಲಿ ಇಂಗ್ಲಿಷಿಗೂ 2008ರಲ್ಲಿ ಮಲಯಾಳಕ್ಕೂ ತಂದರು. ಈ ದೇಶದ ರಾಣಿ 2012ರಲ್ಲಿ ಅವರಿಗೆ ಆರೆಂಜ್-ನಸ್ಸಾವು ಗೌರವ ಕೊಟ್ಟರು. 2020ರಲ್ಲಿ ಪದ್ಮಶ್ರೀ ಬಂತು. 2025ರ ಜನವರಿ 1ರಂದು ಅವರು ತೀರಿಕೊಂಡರು. ಇಟ್ಟಿ ಅಚ್ಯುತನ್, ರಂಗ ಭಟ್ ಮೊದಲಾದವರ ಹೆಸರು ಇವತ್ತು ನಮ್ಮಂಥವರ ಬಾಯಿಗೂ ಬರುತ್ತಿದ್ದರೆ ಅದಕ್ಕೆ ಕಾರಣ ಇಬ್ಬರು: ಆಕರವನ್ನು ಅಳಿಸದೆ ಅಚ್ಚು ಹಾಕಿಸಿದವನು, ಮುನ್ನೂರು ವರ್ಷದ ಮೇಲೆ ಅದನ್ನು ಓದಿದವರು.

ನಮ್ಮ ನಾಡಿನಲ್ಲಿ ಇಂಥ ಪುಸ್ತಕ ಇಲ್ಲವೆ ಎಂದರೆ ತಕ್ಷಣ ನೆನಪಾಗುವುದು ‘ಎಪಿಗ್ರಾಫಿಯ ಕರ್ನಾಟಿಕ’. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ 1886ರಿಂದ ಸುಮಾರು ಇಪ್ಪತ್ತು ವರ್ಷ ಹನ್ನೆರಡು ಸಂಪುಟಗಳಲ್ಲಿ ಹತ್ತಿರ ಹತ್ತಿರ ಒಂಬತ್ತು ಸಾವಿರ ಶಾಸನಗಳನ್ನು ತಂದರು. ಅವರು ಪ್ರತಿ ತಾಲ್ಲೂಕಿಗೆ ಒಂದು ಚುಟುಕು ಗುರುತು, ಪ್ರತಿ ಶಾಸನಕ್ಕೆ ಒಂದು ಸಂಖ್ಯೆ ಕೊಟ್ಟರು. ಏಳನೇ ಸಂಪುಟದ ‘ಶಿಕಾರಿಪುರ 176’ ಎಂದರೆ ಕದಂಬರ ತಾಳಗುಂದ ಸ್ತಂಭ ಶಾಸನ. ಮೂಲ ಪಾಠವನ್ನು ಕಣ್ಣೆದುರು ಇಟ್ಟದ್ದರಿಂದ ರೈಸರ ಅಭಿಪ್ರಾಯವನ್ನು ಒಪ್ಪದವರು ಕೂಡ ರೈಸರ ಸಂಖ್ಯೆಯನ್ನೇ ಹೇಳಿ ಜಗಳವಾಡುತ್ತಾರೆ! ಕೊಂಡಿ ಸಂಪಾದಿಸುವುದೆಂದರೆ ಹೀಗೆ.

ಇನ್ನು ನಮ್ಮ ಕಾಲದ ಜಾಲಕ್ಕೆ ಬರೋಣ. ಇಲ್ಲೂ ಆಮ್‌ಸ್ಟರ್‌ಡ್ಯಾಮ್ ಮುಂದೆಯೇ. ಯುರೋಪನ್ನು ಅಮೆರಿಕದ ಸಾರ್ವಜನಿಕ ಅಂತರ್ಜಾಲಕ್ಕೆ ಜೋಡಿಸಿದ ಸಂಪರ್ಕ 1988ರ ನವೆಂಬರ್ 17ರಂದು ಬಂದದ್ದು ವಾಟರ್‌ಗ್ರಾಫ್ಸ್‌ಮೇರ್‌ನ ಗಣಿತ ಸಂಸ್ಥೆಗೆ. ಪಕ್ಕದ ನಿಖೆಫ್ ಭೌತವಿಜ್ಞಾನ ಸಂಸ್ಥೆಯ ತಾಣ, 1992ರದು, ಜಗತ್ತಿನ ಮೊದಲ ಮೂರರಲ್ಲಿ ಒಂದೆಂದು ಲೆಕ್ಕ. ಮುಂದೆ ‘ಸ್ಟಾರ್ಟ್‌ಪಾಖಿನಾ’ ಎಂಬ ತಾಣ ಡಚ್ಚರ ಮನೆಮಾತಾಯಿತು: ವಿಷಯಕ್ಕೊಂದು ಪುಟ, ಆ ವಿಷಯ ಬಲ್ಲವರೊಬ್ಬರು ಆಯ್ದ ಕೊಂಡಿಗಳು. ಚಂದದ ಕಲ್ಪನೆ. ಆದರೆ ಕೊಂಡಿಗೆ ಗೂಗಲ್‌ನಲ್ಲಿ ಬೆಲೆ ಇದೆ ಎಂದು ಗೊತ್ತಾದದ್ದೇ ತಡ, ಅದರ ನಕಲುಗಳು ನಾಯಿಕೊಡೆಯಂತೆ ಎದ್ದವು. ಓದುವವರಿಗಾಗಿ ಅಲ್ಲದೆ ಮಾರುವುದಕ್ಕಾಗಿಯೇ ಕೊಂಡಿ ಪುಟಗಳು ಹುಟ್ಟಿದವು. ಹುಡುಕುಯಂತ್ರದವರು 2005ರಲ್ಲಿ ‘ಈ ಕೊಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಗುರುತು ಹಾಕುವ ಕ್ರಮ ತಂದರು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಮುದ್ದಾದ ಹೆಸರಿನ ಬದಲಾವಣೆಯಿಂದ, ಕೊಂಡಿ ಕೊಂಡುಕೊಂಡ ತಾಣಗಳು ರಾತ್ರೋರಾತ್ರಿ ಪಾತಾಳ ಸೇರಿದವು. ನಮಗೆ ಐನೂರು ಕೊಂಡಿ ಮಾರಲು ಬರುವವರು ಈ ವಿಷಯ ಮಾತ್ರ ಬರೆಯುವುದಿಲ್ಲ.

ಕನ್ನಡದ ತಾಣಗಳ ಕಷ್ಟವೇ ಬೇರೆಯಾಗಿತ್ತು. ಯು. ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ತೆರೆದ ಕಾಲದಲ್ಲಿ, ಆಮೇಲೂ ಹಲವು ವರ್ಷ, ಒಂದೊಂದು ತಾಣಕ್ಕೆ ಒಂದೊಂದು ಫಾಂಟ್. ನಾವು ಓದುತ್ತಿದ್ದದ್ದು ಕನ್ನಡವಾದರೂ ಹುಡುಕುಯಂತ್ರದ ಕಣ್ಣಿಗೆ ಅದು ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿ. ಆ ಅರಣ್ಯರೋದನದ ಕಾಲದಲ್ಲಿ ಒಬ್ಬರು ಇನ್ನೊಬ್ಬರಿಗೆ ಹಾಕುತ್ತಿದ್ದ ಕೊಂಡಿಯೇ ದಾರಿ. ಯೂನಿಕೋಡ್ ಬಳಕೆ ಹಬ್ಬಿದ ಮೇಲೆ ಹುಡುಕಾಟ ಸುಲಭವಾಯಿತು, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಬೆಳೆಯಿತು. ಅಲ್ಲಿಯ ಅಡಿಟಿಪ್ಪಣಿಗಳನ್ನು ಬಿಡುವಾದಾಗ ತೆರೆದು ನೋಡಿ. ಕನ್ನಡದ ವಿಷಯಕ್ಕೂ ಎಷ್ಟೋ ಕಡೆ ಕೊಂಡಿ ಇಂಗ್ಲಿಷ್ ಪುಟಕ್ಕೆ. ಬರೆದವರ ತಪ್ಪಲ್ಲ, ಕನ್ನಡದಲ್ಲಿ ಬೆರಳು ತೋರಿಸಲು ಪುಟವೇ ಸಿಕ್ಕಿರುವುದಿಲ್ಲ. ಯುಗಾದಿಯ ವರದಿ, ನಾಟಕದ ಫೋಟೊ, ತಾಯ್ನಾಡಿನ ನೆನಪು ಇವೆಲ್ಲ ನಮಗೆ ಬೇಕು. ಆದರೆ ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಕುಳಿತು ಒಂದು ಪ್ರಬಂಧ ಬರೆಯುವವರಿಗೆ ಅವುಗಳ ಅಗತ್ಯ ಬೀಳುವುದಿಲ್ಲ.

ಅಂಥವರಿಗೆ ಅಗತ್ಯ ಬೀಳುವ ಯಾವ ಸರಕು ನಮ್ಮ ಕೈಗೆ ಹತ್ತಿರವಿದೆ? ಉತ್ತರ ಹೇಗ್ ಸೆಂಟ್ರಲ್ ರೈಲು ನಿಲ್ದಾಣದ ಮಗ್ಗುಲಲ್ಲೇ ಇದೆ. ಅಲ್ಲಿಯ ರಾಷ್ಟ್ರೀಯ ದಾಖಲೆಗೃಹದಲ್ಲಿ ಡಚ್ ಕಂಪನಿಯ ಕಾಗದಗಳು ಒಂದು ಕಿಲೋಮೀಟರಿಗೂ ಉದ್ದದ ಕಪಾಟು ತುಂಬಿವೆ. 2003ರಲ್ಲಿ ಯುನೆಸ್ಕೊ ವಿಶ್ವಸ್ಮೃತಿ ಪಟ್ಟಿಗೂ ಸೇರಿದವು. 17ನೇ ಶತಮಾನದಲ್ಲಿ ಬಸ್ರೂರಿನಲ್ಲಿ ಡಚ್ಚರ ಕೋಠಿ ಇತ್ತು, ಕೆಳದಿ ನಾಯಕರ ಸೀಮೆಯ ಅಕ್ಕಿ ಅಲ್ಲಿಂದ ಹಡಗು ಹತ್ತುತ್ತಿತ್ತು. ಆ ಕೋಠಿಯ ಪತ್ರ, ಲೆಕ್ಕ, ತಕರಾರುಗಳ ಮನೆ ಇದು. ಕರಾವಳಿಯ ಡಚ್ಚರ ಬಗ್ಗೆ ಕೆ. ಜಿ. ವಸಂತಮಾಧವ ಅವರಂಥ ಇತಿಹಾಸಕಾರರು ಬರೆದಿದ್ದಾರೆ. ಆದರೆ ಊರಿನಲ್ಲಿದ್ದು ಈ ಕಾಗದ ನೋಡಲು ವೀಸಾ, ವಿಮಾನ, ಹಳೆಯ ಡಚ್ ಮೂರೂ ಬೇಕಾಗುತ್ತಿತ್ತು. ಈಗ ಹೈಖನ್ಸ್ ಸಂಸ್ಥೆಯ ಗ್ಲೋಬಲೈಸ್ ಯೋಜನೆಯವರು ಲಕ್ಷಾಂತರ ಪುಟಗಳ ಕೈಬರಹವನ್ನು ಕಂಪ್ಯೂಟರಿನಿಂದ ಓದಿಸಿ ಜಾಲಕ್ಕೆ ಹಾಕುತ್ತಿದ್ದಾರೆ. ತೊಡಕು ಒಂದೇ. ಗುಮಾಸ್ತರು ನಮ್ಮ ಊರುಗಳ ಹೆಸರನ್ನು ಬಾಯಿಗೆ ಬಂದಂತೆ ಬರೆದಿದ್ದಾರೆ. ಬಸ್ರೂರು ಅವರ ಕೈಯಲ್ಲಿ ಬಾರ್ಸಲೂರು ಇತ್ಯಾದಿ ಆಗುತ್ತದೆ. ಕನ್ನಡದವರು ತಮ್ಮ ಹೆಸರಿನಿಂದ ಹುಡುಕಿದರೆ ಸಿಕ್ಕುವುದಿಲ್ಲ.

ಆದ್ದರಿಂದ ಸಭೆಯ ಮುಂದೆ ನಮ್ಮ ಸಲಹೆ: ಕೊಂಡಿ ಕೊಳ್ಳುವ ಹಣ ಹಾಗೇ ಇರಲಿ. ನಮ್ಮ ತಾಣದಲ್ಲಿ ಒಂದು ಪಟ್ಟಿ ಆರಂಭಿಸೋಣ. ಒಂದು ಕಡೆ ಕರಾವಳಿಯ ಊರಿನ ಹೆಸರು ಕನ್ನಡದಲ್ಲಿ, ಎದುರಿಗೆ ಡಚ್ ಕಾಗದದಲ್ಲಿ ಕಂಡ ರೂಪ, ಅದರ ಮುಂದೆ ದಾಖಲೆಯ ಸಂಖ್ಯೆ, ಹಾಳೆಯ ಸಂಖ್ಯೆ, ಆ ಸಾಲಿನ ಕನ್ನಡ ಸಾರಾಂಶ, ನೋಡಿದವರ ಹೆಸರು. ರೈಸರ ಹಾಗೆ ಪ್ರತಿ ಸಾಲಿಗೆ ಒಂದು ಸಂಖ್ಯೆ, ಒಮ್ಮೆ ಕೊಟ್ಟದ್ದನ್ನು ಬದಲಿಸುವಂತಿಲ್ಲ. ಬಸ್ರೂರಿನಿಂದ ಶುರು ಮಾಡಿ ಭಟ್ಕಳ, ಹೊನ್ನಾವರ, ಮಂಗಳೂರಿಗೆ ಹೋಗಬಹುದು. ಬೇಕಾದದ್ದು ಹೇಗ್‌ವರೆಗಿನ ರೈಲು ಟಿಕೆಟು, ಹಳೆಯ ಡಚ್ ಕೈಬರಹ ಓದಬಲ್ಲ ಒಬ್ಬರು, ಕುಂದಾಪುರದ ಸುತ್ತಿನ ಊರುಕೇರಿಗಳ ಹೆಸರು ಬಲ್ಲ ಇನ್ನೊಬ್ಬರು. ಎರಡನೆಯವರು ನಮ್ಮ ಬಳಗದಲ್ಲೇ ಮೂವರಿದ್ದಾರೆ. ಮೊದಲನೆಯವರ ಪರಿಚಯ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಮುಂದಿನ ಸಭೆಗೆ ಮೊದಲು ತಿಳಿಸಿ.